ಎಂಟನೆಯ ಹುಡುಗಿ

ಪುಷ್ಯ ಮಾಸದ ಒಂದು ಬೆಳಿಗ್ಗೆ ನಾನು ಜಗಲಿಯ ಮೇಲೆ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದೆ. ಎರಡು ಬೆರಳ ನಡುವೆ ಕಾಳನ್ನು ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪಾತ್ರೆಗೆ ಜಾರುತ್ತದೆ. ಒಂಬತ್ತು ವರ್ಷದ ಒಂದು ಹುಡುಗಿ ಬಂದು ನನ್ನ ಎದುರಿಗೆ ಕುಕ್ಕರುಗಾಲಲ್ಲಿ ಕೂತಳು. ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತು ನನ್ನ ಬೆರಳು ನೋಡಿ ತಾನೂ ಒಂದು ಹಿಡಿ ಕಾಳು ತೆಗೆದುಕೊಂಡಳು. ಮೊದಲ ನಾಲ್ಕು ಅಂಗಳಕ್ಕೆ ಹಾರಿದವು. ಐದನೆಯದು ಪಾತ್ರೆಗೆ ಬಿತ್ತು. ಆಮೇಲೆ ಒಂದೂ ತಪ್ಪಲಿಲ್ಲ. ಬುಟ್ಟಿ ಖಾಲಿಯಾಗುವವರೆಗೆ ಇಬ್ಬರೂ ಬಾಯಿ ಬಿಡಲಿಲ್ಲ.

ಒಳಗಿನಿಂದ ಬಂದ ನಮ್ಮಜ್ಜಿ ದೊಡ್ಡತಾಯಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ನಮ್ಮಿಬ್ಬರನ್ನೂ ನೋಡಿದಳು.

"ಚೆಂದಾಗೈತೆ ಪಾಠ! ಮಗೀಗೆ ಮಾತು ಕಲಿಸು ಅಂತ ಮೇಷ್ಟ್ರು ಕಳಿಸವ್ರೆ. ನೀನು ಇದನ್ನೂ ಮೂಗಿ ಮಾಡ್ತಾ ಕುಂತಿದ್ದೀಯಲ್ಲೇ ಸಣ್ಣಿ."

ನನ್ನ ಪೂರ್ತಿ ಹೆಸರು ಸಣ್ಣತಾಯಮ್ಮ. ಅಜ್ಜಿಯ ಹೆಸರನ್ನೇ ಚಿಕ್ಕದು ಮಾಡಿ ನನಗಿಟ್ಟಿದ್ದರು. ಬಾಯಿಯನ್ನೂ ಅದೇ ಲೆಕ್ಕದಲ್ಲಿ ಚಿಕ್ಕದು ಮಾಡಿಬಿಟ್ಟರು ಎಂದು ಅಜ್ಜಿ ಹೇಳುತ್ತಿದ್ದಳು. ಹೆಣ್ಣು ನೋಡಲು ಬಂದವರು ಎರಡು ಸಲ, ಹುಡುಗಿ ಮೂಗಿಯೇನೋ ಎಂದು ಹೊರಟುಹೋಗಿದ್ದರು.

ಅದು ಎರಡನೆಯ ಮಹಾಯುದ್ಧದ ಮೂರನೆಯ ವರ್ಷ. ರೈಲು ಹಳಿಯ ಕೆಳಗೆ ಹಾಸುವ ಮರಕ್ಕೆ ಬೇಡಿಕೆ ಬಂದು, ಹೆಗ್ಗಡದೇವನಕೋಟೆಯ ಕಾಡಂಚಿನ ನಮ್ಮೂರಿನ ಹೊರಗೆ ಕಂಟ್ರಾಕ್ಟರೊಬ್ಬರು ಮರದ ಡಿಪೋ ಹಾಕಿದ್ದರು. ಕೊಯ್ಯುವುದಕ್ಕೆ ಮಲೆಯಾಳದ ಕಡೆಯಿಂದ ಗರಗಸದವರು ಬಂದಿದ್ದರು. ಒಂದು ಗುಂಡಿಯ ಮೇಲೆ ದಿಮ್ಮಿ ಅಡ್ಡ ಹಾಕಿ, ಒಬ್ಬ ದಿಮ್ಮಿಯ ಮೇಲೂ ಇನ್ನೊಬ್ಬ ಗುಂಡಿಯೊಳಗೂ ನಿಂತು ಆಳುದ್ದದ ಗರಗಸ ಎಳೆಯುತ್ತಿದ್ದರು. ಮೇಲಿನವನಿಗೆ ಬಿಸಿಲು, ಕೆಳಗಿನವನಿಗೆ ಹೊಟ್ಟು. ನನ್ನ ಎದುರು ಕೂತ ಹುಡುಗಿ ಚಿರುತ. ಅವಳ ಅಪ್ಪ ಕೋರನ್ ಮೇಲಿನವನು, ಸೋದರಮಾವ ಕೆಳಗಿನವನು. ಊರಿನವರು ಕೋರನ್‌ನನ್ನು ಕೋರಪ್ಪ ಮಾಡಿಕೊಂಡಿದ್ದರು. ಚಿರುತಳನ್ನು ಹುಡುಗರು ಚಿರತೆ ಮಾಡಿಕೊಂಡಿದ್ದರು.

ಆ ವಾರ ಕೋರಪ್ಪ ಮಗಳ ಕೈ ಹಿಡಿದುಕೊಂಡು ಶಾಲೆಗೆ ಹೋಗಿದ್ದ. ಕಂಠಪ್ಪ ಮೇಷ್ಟ್ರ ಮುಂದೆ ಕೈ ಮುಗಿದು ನಿಂತ. ಅವನಿಗೆ ಕನ್ನಡ ಬಾರದು. ಮಾತಾಡಿದವಳು ಚಿರುತ.

"ನನ್ನ ಹೆಸರು ಸ್ಕೂಲಲ್ಲಿ ಬರ್ಕೊಬೇಕಂತೆ ಸಾರ್. ಹೆಸರಿದ್ರೆ ಊರು ಬಿಡುವಾಗ ಒಂದು ಕಾಗದ ಕೊಡ್ತಾರಂತಲ್ಲ, ಅದಿದ್ರೆ ಮುಂದಿನ ಊರಲ್ಲಿ ಬೇಡ ಅನ್ನೋ ಹಾಗಿಲ್ವಂತೆ. ಡಿಪೋ ಗುಮಾಸ್ತರು ಹೇಳಿದ್ರಂತೆ. ಮೂರು ಊರಲ್ಲಿ ಬೇಡ ಅಂದ್ರು. ಯುಗಾದಿ ಆದ ಮೇಲೆ ನಾವು ಪಿರಿಯಾಪಟ್ಟಣದ ಕಡೆ ಹೋಗ್ತೀವಿ. ಅಷ್ಟರಲ್ಲಿ ಬರ್ಕೊಳ್ಳಿ ಅಂತಾನೆ ನಮ್ಮಪ್ಪ."

ಮೇಷ್ಟ್ರು ಇಷ್ಟನ್ನೂ ಸಮಾಧಾನವಾಗಿ ಕೇಳಿದರು. ಕೇಳಿ, "ಸೇರಿಸ್ಕೊಬಹುದಾಗಿತ್ತು. ಆದ್ರೆ ಮಗುವಿಗೆ ಕನ್ನಡ ಬರಲ್ವಲ್ಲಪ್ಪ," ಎಂದರು.

ಚಿರುತ ಅದನ್ನು ಅಪ್ಪನಿಗೆ ಮಲೆಯಾಳದಲ್ಲಿ ಹೇಳಿದಳು. ಅವನು ತಲೆಯಾಡಿಸಿ, ಹಾಗಾದರೆ ಎಲ್ಲಿ ಕಲಿಯಬೇಕು ಎಂದು ಕೇಳಿದ. ಅವಳು ಅದನ್ನು ಮೇಷ್ಟ್ರಿಗೆ ಕನ್ನಡದಲ್ಲಿ ಹೇಳಿದಳು. ಮುದ್ದಯ್ಯನ ಮಗಳು ಸಣ್ಣತಾಯಮ್ಮ ಓದುಬರಹ ಬಲ್ಲವಳು, ಮನೆಯಲ್ಲೇ ಇದ್ದಾಳೆ, ಅವಳ ಹತ್ತಿರ ಕಲಿತು ಬರಲಿ, ಆಮೇಲೆ ನೋಡೋಣ ಎಂದು ಮೇಷ್ಟ್ರು ದಾರಿ ತೋರಿಸಿದರು.

ನನ್ನ ಓದು ಮೂರನೆಯ ಕ್ಲಾಸಿನವರೆಗೆ. ಆ ವರ್ಷ ಬಂದ ಇನ್‌ಸ್ಪೆಕ್ಟರು ನನ್ನನ್ನು ಎಬ್ಬಿಸಿ, ಕಪಿಲಾ ನದಿ ಎಲ್ಲಿ ಹುಟ್ಟುತ್ತದೆ ಎಂದು ಕೇಳಿದರು. ನನಗೆ ಗೊತ್ತಿತ್ತು. ಅವರು ಇನ್ನೊಮ್ಮೆ ಕೇಳಿದರು. ಆಗಲೂ ಗೊತ್ತಿತ್ತು. ಬಾಯಿ ಮಾತ್ರ ತೆರೆಯಲಿಲ್ಲ. ಹುಡುಗಿಯ ತಲೆಗೆ ಹತ್ತುವುದಿಲ್ಲವೆಂದು ಮೇಷ್ಟ್ರು ಅಪ್ಪನಿಗೆ ಹೇಳಿದರು. ಅಪ್ಪ ನನ್ನನ್ನು ಬಿಡಿಸಿದ. ಬಿಟ್ಟ ಮೇಲೂ ಎರಡು ವರ್ಷ ನನ್ನ ಹೆಸರು ಹಾಜರಿ ಪುಸ್ತಕದಲ್ಲಿತ್ತಂತೆ. ಒಂದು ದಿನವೂ ತಪ್ಪಿಸಿಕೊಂಡಿರಲಿಲ್ಲವಂತೆ. ಹೋಗುತ್ತಿದ್ದಾಗ ನಾನು ಅಷ್ಟು ಸರಿಯಾಗಿ ಹೋಗಿದ್ದವಳಲ್ಲ.

ಇದು ನಮ್ಮೂರ ಶಾಲೆಯ ಪದ್ಧತಿ. ಪುಸ್ತಕದಲ್ಲಿ ಎಂಟು ಹೆಣ್ಣುಮಕ್ಕಳಿರಬೇಕು, ಇನ್‌ಸ್ಪೆಕ್ಷನ್ ದಿನ ಎಂಟೂ ಎದುರಿಗಿರಬೇಕು. ಇಲ್ಲದಿದ್ದರೆ ಶಾಲೆಯನ್ನು ಪಕ್ಕದೂರಿಗೆ ಎತ್ತುತ್ತೇವೆಂದು ಮೇಲಿನವರು ಹೆದರಿಸಿದ್ದರು. ದಿನಾ ಬರುವವರು ಮೂವರು. ಉಳಿದ ಐವರು ವರ್ಷಕ್ಕೊಮ್ಮೆ ತಲೆಗೆ ಎಣ್ಣೆ ಹಚ್ಚಿಸಿಕೊಂಡು ಬಂದು, ತಮ್ಮ ಹೆಸರು ಕರೆದಾಗ ಹಾಜರ್ ಎಂದು ಹೋಗುವವರು.

ಚಿರುತಳ ಮಾವ ಮಾರನೆಯ ದಿನವೇ ಒಂದು ಬುಟ್ಟಿ ಮರದ ಹೊಟ್ಟು ತಂದುಕೊಟ್ಟ. ಮರಳಿನ ಬದಲು ನಾವು ಮೊರದಲ್ಲಿ ಹೊಟ್ಟು ಹರಡಿ ಅಕ್ಷರ ತಿದ್ದಿದೆವು. ಹೊನ್ನೆಯ ಹೊಟ್ಟು ಕೆಂಪು, ತೇಗದ್ದು ಕಂದು. ಬೆರಳು ಇಟ್ಟರೆ ಸಾಕು, ಗೆರೆ ಮೂಡುತ್ತಿತ್ತು. ಅಜ್ಜಿ ಮೊದಲನೆಯ ದಿನವೇ ವಿಚಾರಣೆ ಮಾಡಿದಳು.

"ಯಾವ ಪೈಕೀನಮ್ಮಿ ನೀವು?"

"ಗರಗಸದ ಪೈಕಿ ಅಜ್ಜಿ."

ಅಜ್ಜಿಗೆ ಅಂಥ ಜಾತಿ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲವೆಂದು ಒಪ್ಪಿಕೊಳ್ಳುವವಳಲ್ಲ. "ಓ, ಅವರಾ," ಎಂದು ಜಗಲಿಯವರೆಗೆ ಬಿಟ್ಟುಕೊಂಡಳು. ಹದಿನೈದು ದಿನದಲ್ಲಿ ಹುಡುಗಿ ನಡುಮನೆಯಲ್ಲಿ ಕೂತು ಅಜ್ಜಿಗೆ ಎಲೆ ಅಡಿಕೆ ಕುಟ್ಟಿಕೊಡುತ್ತಿದ್ದಳು.

ಮಾತು ಕಲಿಸುವುದಕ್ಕೆ ನನ್ನಲ್ಲಿ ಮಾತಿರಲಿಲ್ಲ. ಅದಕ್ಕೇ ಪುಸ್ತಕ ಕಲಿಸಿದೆ. ಮೊದಲನೆಯ ಪುಸ್ತಕವನ್ನು ಒಂದೊಂದೇ ಅಕ್ಷರವಾಗಿ ನಿಧಾನಕ್ಕೆ ಓದಿ ತೋರಿಸುತ್ತಿದ್ದೆ. ಅವಳು ಹಾಗೆಯೇ ಓದುತ್ತಿದ್ದಳು. ನಾನು ಸಣ್ಣ ದನಿಯಲ್ಲಿ, ಅವಳು ಇಡೀ ಬೀದಿಗೆ ಕೇಳುವಂತೆ.

"ಅಕ್ಕ, ನೀನ್ಯಾಕೆ ಇಷ್ಟು ಮೆಲ್ಲಗೆ ಮಾತಾಡ್ತೀಯ? ಗರಗಸದ ಹತ್ರ ಆದ್ರೆ ಒಂದೂ ಕೇಳ್ಸಲ್ಲ."

"ಇಲ್ಲಿ ಗರಗಸ ಇಲ್ವಲ್ಲ."

"ನಿಮ್ಮಜ್ಜಿ ಇದಾಳಲ್ಲ."

ನಾನು ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡು ನಕ್ಕೆ. ಒಳಗಿನಿಂದ ಅಜ್ಜಿ, "ಏನದು, ಏನದು?" ಎಂದಳು.

ಪಾಠ ಪೂರ್ತಿ ನಡೆದ ದಿನ ಕಡಿಮೆ. ಹುಡುಗಿಗೆ ಕನ್ನಡ ಬಾರದೆಂದು ತೀರ್ಮಾನಿಸಿದ್ದ ಊರಿಗೆ ಅವಳಿಲ್ಲದೆ ಒಂದು ವ್ಯವಹಾರವೂ ಸಾಗುತ್ತಿರಲಿಲ್ಲ. ಡಿಪೋದವರಿಗೆ ಮೊಟ್ಟೆ ಮಾರುವವರು, ಗಾಡಿಗೆ ಮೂಕಿಮರ ಕೊಯ್ಯಿಸುವವರು, ಕಾಲಿಗೆ ಕೊಡಲಿ ಬಿದ್ದವನಿಗೆ ಸೊಪ್ಪು ಅರೆದು ಕಟ್ಟುವವರು, ಎಲ್ಲರೂ ನಮ್ಮ ಜಗಲಿಯ ಮುಂದೆ ನಿಂತು "ಏಯ್ ಮಗ, ಒಸಿ ಬಂದೋಗು" ಎನ್ನುವವರೇ. ಎಲ್ಲರಿಗಿಂತ ಹೆಚ್ಚು ಕರೆದವರು ಪಟೇಲರು ಸೋಮಯ್ಯನವರು. ಹೊಸ ಮನೆಯ ಬಾಗಿಲಿಗೆ ಹಲಗೆ ಕೊಯ್ಯಿಸುತ್ತಿದ್ದರು.

ಒಂದು ದಿನ ಹಲಗೆ ಬೆರಳಷ್ಟು ತೆಳ್ಳಗಾಯಿತೆಂದು ಜಗಳವಾಯಿತು. ಚಿರುತ ನನ್ನನ್ನೂ ಎಳೆದುಕೊಂಡು ಹೋದಳು. ಕೋರಪ್ಪ ದಿಮ್ಮಿಯ ಮೇಲೆ ನಿಂತಿದ್ದ. ಪಟೇಲರು ಕೆಳಗೆ ಕೊಡೆ ಊರಿಕೊಂಡು ನಿಂತಿದ್ದರು.

"ಯೇಳಮ್ಮಿ ನಿಮ್ಮಪ್ಪಂಗೆ. ಬಾಗಿಲಿಗೆ ಅಲಗೆ ಕೊಯ್ಯಲಾ ಅಂದ್ರೆ ಅಪ್ಪಳ ಕೊಯ್ದವ್ನೆ. ಕಳ್ಳ ನನ್ಮಗ ಅನ್ನು. ಅಂಗೇ ಅನ್ನು, ಒಂದಕ್ಸರ ಬುಡಬ್ಯಾಡ."

ಚಿರುತ ತಿರುಗಿ ಮೂರು ಮಾತು ಹೇಳಿದಳು. ಕೋರಪ್ಪ ದಿಮ್ಮಿಯ ಮೇಲಿಂದ ಕೈ ಬೀಸಿ ಬೀಸಿ ಬಹಳ ಹೊತ್ತು ಉತ್ತರ ಕೊಟ್ಟ.

"ಪಟೇಲ್ರ ಮನೆಗೆ ದಿನಾ ಜನ ಬರ್ತಾರೆ, ಬಾಗಿಲು ಹಗುರವಾಗಿದ್ರೆ ತೆಗೆಯೋಕೆ ಸುಲಭ ಅಂತ ಹಾಗೆ ಕೊಯ್ದನಂತೆ. ದಪ್ಪ ಬೇಕು ಅಂದ್ರೆ ನಾಳೆ ಬೇರೆ ಕೊಯ್ದುಕೊಡ್ತಾನಂತೆ," ಎಂದಳು ಚಿರುತ.

ಪಟೇಲರ ಬಿಗಿದ ಮುಖ ಸಡಿಲವಾಯಿತು. "ಅಂಗಾರೆ ಸರಿ ಬುಡು. ಮರ್ವಾದಸ್ತ," ಎಂದರು. ಹೊರಡುವಾಗ ನನ್ನ ಕಡೆ ತಿರುಗಿ, "ಚೂಟಿ ಐತೆ ಕಣಮ್ಮಿ ಮಗ. ಕನ್ನಡ ಒಂದು ಬಂದಿದ್ರೆ ಎಲ್ಲೋ ಇರ್ತಿತ್ತು," ಎಂದರು.

ಅವರು ಮರೆಯಾದ ಮೇಲೆ ಕೇಳಿದೆ, "ನಿಮ್ಮಪ್ಪ ನಿಜವಾಗಿ ಏನಂದ್ರು?"

"ಪಟೇಲನ ತಲೆ ಈ ಮರಕ್ಕಿಂತ ಗಟ್ಟಿ, ಅದನ್ನೇ ಕೊಯ್ದು ಬಾಗಿಲಿಗೆ ಹಾಕ್ಕೊಳ್ಲಿ ಅಂದ."

"ನೀನು ಮೊದಲು ಅವರಿಗೆ ಏನಂದೆ?"

"ಊಟ ಆಯ್ತಾ ಅಂತ ಪಟೇಲ್ರು ಕೇಳ್ತಾವ್ರೆ ಅಂದೆ. ಅಪ್ಪ ನಂಬ್ಲಿಲ್ಲ."

ಆ ಹುಡುಗಿಗೆ ಎರಡು ಭಾಷೆ ಬರುತ್ತಿತ್ತು. ಎರಡರಲ್ಲೂ ಏನನ್ನು ಹೇಳಬಾರದೆಂಬುದೂ ಬರುತ್ತಿತ್ತು. ನನಗೆ ಒಂದೇ ಭಾಷೆ. ಅದರಲ್ಲೂ ಅರ್ಧ ಗಂಟಲಲ್ಲೇ ಉಳಿಯುತ್ತಿತ್ತು. ಗುರುವಾದವಳು ನಾನು.

ಮಾಘದ ಹೊತ್ತಿಗೆ ಅವಳು ಮೊದಲ ಪುಸ್ತಕ ಮುಗಿಸಿ ಎರಡನೆಯದರ ಅರ್ಧಕ್ಕೆ ಬಂದಿದ್ದಳು. ನಾನು ಅವಳನ್ನು ಶಾಲೆಗೆ ಕರೆದುಕೊಂಡು ಹೋದೆ. ಮೇಷ್ಟ್ರು ಎರಡು ಪುಟ ಓದಿಸಿದರು. ಮೂರನೆಯ ಪುಟ ಅವಳೇ ಓದಿದಳು, ನಿಲ್ಲಿಸಿ ಎನ್ನುವವರೆಗೆ.

"ಅಡ್ಡಿಯಿಲ್ಲ," ಎಂದರು ಮೇಷ್ಟ್ರು. "ಆದ್ರೆ ಇನ್‌ಸ್ಪೆಕ್ಷನ್ ಹತ್ರ ಬಂತು. ಈಗ ಹೊಸ ಹೆಸರು ಬರೆದ್ರೆ ಯಾಕೆ ಏನು ಅಂತ ಪ್ರಶ್ನೆ ಏಳುತ್ತೆ. ಅದೊಂದು ಮುಗೀಲಿ."

ಕೋರಪ್ಪನಿಗೆ ಇದನ್ನು ಹೇಳಿದಾಗ ಅವನು ಸಂತೋಷಪಟ್ಟ. ಮೂರು ಊರಿನಲ್ಲಿ ಯಾರೂ ಅವನಿಗೆ ಒಂದು ದಿನ ಗೊತ್ತುಮಾಡಿ ಹೇಳಿರಲಿಲ್ಲ.

ಇನ್‌ಸ್ಪೆಕ್ಟರು ಬರುವುದು ಗುರುವಾರವೆಂದು ತಿಳಿಯಿತು. ಊರಿಗೆ ಓಡಾಟ ಹತ್ತಿತು. ಕರಿಹಲಗೆಗೆ ಇದ್ದಿಲು, ಸೊಪ್ಪು ಅರೆದು ಬಳಿದರು. ಐದು ಮನೆಗಳಿಗೆ ಹೇಳಿಕಳಿಸಿದರು. ನಾಲ್ಕು ಮನೆಯವರು ಒಪ್ಪಿದರು. ಐದನೆಯದು ಪಟೇಲರದೇ ಮನೆ. ಅವರ ಮಗಳು ಸುನಂದ, ಎಂಟನೆಯ ಹೆಸರು, ಕೃಷ್ಣರಾಜನಗರದಲ್ಲಿ ಸೋದರಮಾವನ ಮನೆಗೆ ಹೋಗಿದ್ದಳು. ಭಾನುವಾರ ಅಲ್ಲಿಂದ ಆಳು ಬಂದು, ಹುಡುಗಿಗೆ ಅಮ್ಮ ಎದ್ದಿದೆ, ಮೈತುಂಬ ಗುಳ್ಳೆ, ಹದಿನೈದು ದಿನ ಹೊಸಲು ದಾಟಿಸುವ ಹಾಗಿಲ್ಲ ಎಂದು ಹೇಳಿದ.

ಅಂದು ಸಾಯಂಕಾಲ ಪಟೇಲರೂ ಮೇಷ್ಟ್ರೂ ನಮ್ಮ ಜಗಲಿಗೆ ಬಂದರು. ಅಷ್ಟು ದೊಡ್ಡವರು ನಮ್ಮ ಜಗಲಿಯಲ್ಲಿ ಕೂತದ್ದು ಅದೇ ಮೊದಲು. ಅಜ್ಜಿ ಕಂಬಳಿ ಹಾಸಿದಳು.

"ಒಂದೇ ದಿನ ಕಣ್ರವ್ವ," ಎಂದರು ಪಟೇಲರು ಅಜ್ಜಿಗೆ. "ನಮ್ಮ ಸುನಂದನ ಜಾಗದಲ್ಲಿ ಆ ಮಲೆಯಾಳದ ಮಗೂನ ಕುಂಡ್ರಿಸೋದು. ವಯಸ್ಸು ಒಂದೇ, ಎತ್ರ ಒಂದೇ. ಹಾಜರ್ ಅಂದ್ರೆ ಆಯ್ತು."

"ಹೆಸರು ಬೇರೆ ಅಲ್ವ್ರಾ?" ಎಂದಳು ಅಜ್ಜಿ.

"ಹೆಸರಿಗೇನವ್ವ, ನಾಕು ದಿನದಲ್ಲಿ ಅಭ್ಯಾಸ ಆಯ್ತದೆ."

ಮೇಷ್ಟ್ರು ನನ್ನ ಕಡೆ ತಿರುಗಿದರು. "ಇನ್‌ಸ್ಪೆಕ್ಟರು ಗಾಡಿ ಹತ್ತಿದ ಮಾರನೇ ದಿನ ಅವಳ ಹೆಸರು ಬರ್ಕೋತೀನಿ ಕಣಮ್ಮ. ಅವಳದ್ದೇ ಹೆಸರು. ಸರಸ್ವತಿ ಆಣೆ."

ನಾನು ತಲೆಯಾಡಿಸಿದೆ. ಯಾರೂ ನನ್ನ ಒಪ್ಪಿಗೆ ಕೇಳಿರಲಿಲ್ಲ. ಆದರೂ ಮೊದಲು ತಲೆಯಾಡಿಸಿದವಳು ನಾನೇ.

ನಾಲ್ಕು ದಿನ ಅದೇ ಪಾಠ ನಡೆಯಿತು.

"ನಿನ್ನ ಹೆಸರೇನು?"

"ಚಿರು... ಸುನಂದ."

"ತಂದೆಯ ಹೆಸರು?"

"ಪಟೇಲ್ ಸೋಮಯ್ಯನವರು."

"ಮನೆಯಲ್ಲಿ ಏನು ಕೆಲಸ ಮಾಡ್ತಾರೆ?"

"ಜಗಳ ಆಡ್ತಾರೆ."

"ಹಾಗಲ್ಲ. ಪಟೇಲಿಕೆ ಮಾಡ್ತಾರೆ ಅನ್ನಬೇಕು."

"ಎರಡೂ ಒಂದೇ ಅಲ್ವಾ ಅಕ್ಕ?"

ಬುಧವಾರ ಅವಳ ಅಮ್ಮ ಡಿಪೋ ಕಡೆಯಿಂದ "ಚಿರುತೇ" ಎಂದು ಎರಡು ಸಲ ಕೂಗಿದಳು. ಹುಡುಗಿ ತಿರುಗಲಿಲ್ಲ. ನಾನು "ಸುನಂದ" ಎಂದೆ. ತಕ್ಷಣ ತಲೆ ಎತ್ತಿದಳು. ನನಗೆ ಹೆಮ್ಮೆಯಾಯಿತು. ಸುಳ್ಳು ಹೇಳಬಾರದು, ಅಪ್ಪನಾಣೆಗೂ ಆಗಿದ್ದು ಹೆಮ್ಮೆಯೇ.

ಗುರುವಾರ ಪಟೇಲರ ಹೆಂಡತಿ ಪುಟ್ಟಮಲ್ಲಮ್ಮ ಮಗಳ ರೇಷ್ಮೆ ಲಂಗವನ್ನೂ ಓಲೆಯನ್ನೂ ನನ್ನ ಕೈಗೆ ಕೊಟ್ಟರು. "ಸಾಯಂಕಾಲಕ್ಕೆ ಬಿಚ್ಚಿ ತಂದ್ಬುಡಮ್ಮಿ, ಅಂಗೇ ಓಡೋಗ್ಬುಟ್ಟಾರು," ಎಂದರು. ಹೆಣ್ಣುಮಕ್ಕಳು ಅಳದಂತೆ ನೋಡಿಕೊಳ್ಳಲು ನನ್ನನ್ನು ಶಾಲೆಯ ಮೂಲೆಯಲ್ಲಿ ಕೂರಿಸಿದ್ದರು. ಇನ್‌ಸ್ಪೆಕ್ಟರು ಇದ್ದಿಲಿನ ಬಸ್ಸಿನಲ್ಲಿ ಹ್ಯಾಂಡ್‌ಪೋಸ್ಟ್ ಕೂಡುರಸ್ತೆಯವರೆಗೆ ಬಂದು, ಅಲ್ಲಿಂದ ಪಟೇಲರ ಗಾಡಿಯಲ್ಲಿ ಬಂದರು. ಜರಿಯಂಚಿನ ಪೇಟದ ಮೇಲೆ ಮಸಿ ಕೂತಿತ್ತು. ಯಾರೂ ಹೇಳಲಿಲ್ಲ.

ಹಾಜರಿ ಕರೆದರು. ಎಂಟೂ ಹಾಜರ್. ಮೇಷ್ಟ್ರು ಉಸಿರು ಬಿಟ್ಟರು. ಅಷ್ಟಕ್ಕೇ ಮುಗಿಯಬೇಕಾಗಿತ್ತು. ಆದರೆ ಆ ಇನ್‌ಸ್ಪೆಕ್ಟರು ಕೆಲಸದಲ್ಲಿ ಶ್ರದ್ಧೆ ಇಟ್ಟವರು. ಹೆಣ್ಣುಮಕ್ಕಳಿಗೂ ಪುಸ್ತಕ ಕೊಟ್ಟು ಓದಿಸತೊಡಗಿದರು. ಮೊದಲನೆಯವಳು ಅತ್ತಳು. ಎರಡನೆಯವಳು ಪುಸ್ತಕವನ್ನು ತಲೆಕೆಳಗೆ ಹಿಡಿದು, ಬಾಯಿಪಾಠವಾಗಿದ್ದ ಪದ್ಯವನ್ನು ಹೇಳಿದಳು. ಎಂಟನೆಯವಳು ಎದ್ದು ನಿಂತಳು.

ನಾನು ಮೊರದ ಮುಂದೆ ಕೂತು ಓದಿದ ಹಾಗೆ, ಒಂದೊಂದು ಅಕ್ಷರಕ್ಕೂ ಅದರ ಜಾಗ ಬಿಟ್ಟುಕೊಟ್ಟು, ಅವಳು ಓದಿದಳು. ಆದರೆ ಗರಗಸದ ಸದ್ದನ್ನು ದಾಟಿಸುವ ದನಿಯಲ್ಲಿ. ಬೀದಿಯಲ್ಲಿ ಹೋಗುತ್ತಿದ್ದವರು ನಿಂತರು. ಇನ್‌ಸ್ಪೆಕ್ಟರು ಕನ್ನಡಕ ತೆಗೆದರು.

"ಭೇಷ್! ಇಂಥ ಸ್ಪಷ್ಟ ಕನ್ನಡ ಮೈಸೂರಿನಲ್ಲೂ ಕೇಳಸಿಗುವುದಿಲ್ಲ. ಮನೆಮಾತು ಶುದ್ಧವಾಗಿದ್ದರೆ ಹೀಗೆ. ಯಾರ ಮಗಳಮ್ಮ ನೀನು?"

"ಪಟೇಲ್ ಸೋಮಯ್ಯನವರ ಮಗಳು, ಸಾರ್."

ಪಟೇಲರು ಬಾಗಿಲ ಹತ್ತಿರದಿಂದ ಮುಂದೆ ಬಂದರು. "ನಮ್ಮನೇಲಿ ಎಲ್ರೂ ಅಂಗೇ ಸ್ವಾಮಿ. ಚಿಕ್ಕಂದ್ಲಿಂದ ಚೆಂದಾಗಿ ಮಾತಾಡ್ತೀವಿ."

"ಕಪಿಲಾ ನದಿ ಎಲ್ಲಿ ಹುಟ್ಟುತ್ತದೆ, ಹೇಳು?"

ಇನ್‌ಸ್ಪೆಕ್ಟರುಗಳು ಬದಲಾಗುತ್ತಾರೆ, ಪ್ರಶ್ನೆ ಬದಲಾಗುವುದಿಲ್ಲ.

"ವಯನಾಡಿನಲ್ಲಿ ಸಾರ್. ಎರಡು ಹೊಳೆ ಸೇರಿ ಆಗುತ್ತೆ. ನಾನು ನೋಡಿದೀನಿ."

"ನೋಡಿದೀಯಾ?"

ಪಟೇಲರು ಕೆಮ್ಮಿದರು.

"ಯಾತ್ರೆಗೆ ಕರ್ಕೊಂಡೋಗಿದ್ದೆ ಸ್ವಾಮಿ. ಮಕ್ಕಳಿಗೆ ಎಲ್ಲಾ ತೋರಿಸ್ಬೇಕು ಅಂತ ನಂಗೆ ಆಸೆ."

ಪಟೇಲರು ಹುಣಸೂರು ದಾಟಿ ಮುಂದೆ ಹೋದವರಲ್ಲ. ಇನ್‌ಸ್ಪೆಕ್ಟರು ಇನ್ನೂ ಮೆಚ್ಚಿಕೊಂಡರು. ಬೇರೆ ಹುಡುಗರನ್ನು ಎಬ್ಬಿಸಿ, ಈ ಬಾಲಕಿಯನ್ನು ನೋಡಿ ನಿಮ್ಮ ಭಾಷೆ ತಿದ್ದಿಕೊಳ್ಳಿ ಎಂದರು. ಅವಳನ್ನು ದಿನವೂ ಚಿರತೆ ಎಂದು ಕೂಗುತ್ತಿದ್ದ ಹುಡುಗರು ತಲೆ ತಗ್ಗಿಸಿದರು. ಆಮೇಲೆ ಇನ್‌ಸ್ಪೆಕ್ಟರು ಭೇಟಿಯ ಪುಸ್ತಕ ತರಿಸಿ ಬರೆದರು. ಬರೆದದ್ದನ್ನು ಮೇಷ್ಟ್ರು ಎಲ್ಲರಿಗೂ ಓದಿ ಹೇಳಿದರು. ಪಟೇಲ್ ಸೋಮಯ್ಯನವರ ಪುತ್ರಿ ಸುನಂದಳ ಉಚ್ಚಾರಣೆಯೂ ತಿಳಿವಳಿಕೆಯೂ ಮೆಚ್ಚತಕ್ಕದ್ದು. ದಸರೆಯ ಮುಂಚೆ ಪುನಃ ಬಂದು ಈ ಬಾಲಕಿಯನ್ನು ತಾವೇ ಪರೀಕ್ಷಿಸಿ ಮೈಸೂರಿನ ಶಾಲೆಗೆ ಶಿಫಾರಸು ಮಾಡುವ ವಿಚಾರವಿದೆ. ಈ ಶಾಲೆಯನ್ನು ಇಲ್ಲಿಯೇ ಮುಂದುವರಿಸತಕ್ಕದ್ದು.

ಊರು ಶಾಲೆಯನ್ನು ಉಳಿಸಿಕೊಂಡಿತು. ಪಟೇಲರು ಕಡಲೆಪುರಿ ಹಂಚಿಸಿದರು. ಚಿರುತಳ ತಲೆ ಸವರಿ, "ನನ್ನ ಮಾನ ಕಾಪಾಡ್ದೆ ಮಗಳೇ," ಎಂದರು. ಕಣ್ಣಲ್ಲಿ ನೀರೇ ಬಂದಿತ್ತು. ಸಾಯಂಕಾಲ ನಾನು ಲಂಗ, ಓಲೆ ಬಿಚ್ಚಿ ಪುಟ್ಟಮಲ್ಲಮ್ಮನವರಿಗೆ ಕೊಟ್ಟುಬಂದೆ. ಲಂಗದ ಅಂಚಿಗೆ ಹೊಟ್ಟು ಹತ್ತಿದೆಯೆಂದು ಅವರು ಕೊಡವಿಕೊಂಡರು.

ಶುಕ್ರವಾರ ಕೋರಪ್ಪ ಒಗೆದ ಅಂಗಿ ತೊಟ್ಟು ಮಗಳೊಡನೆ ಶಾಲೆಗೆ ಹೋದ. ರಾಹುಕಾಲ ಎಂದರು ಮೇಷ್ಟ್ರು. ಸೋಮವಾರ ಹೋದ. ಶಾಯಿ ಮುಗಿದಿತ್ತು. ಮುಂದಿನ ವಾರ ಹಾಜರಿ ಪುಸ್ತಕ ಹೆಗ್ಗಡದೇವನಕೋಟೆಗೆ ಹೋಗಿತ್ತು. ಯುಗಾದಿಯೂ ಆಯಿತು. ಡಿಪೋದ ಕೊನೆಯ ದಿಮ್ಮಿಗಳು ಗಾಡಿ ಹತ್ತಿದವು. ಗರಗಸಗಳಿಗೆ ಎಣ್ಣೆ ಹಚ್ಚಿ ಗೋಣಿ ಸುತ್ತಿದರು.

ಅವರು ಹೊರಡುವ ದಿನ ಬೆಳಿಗ್ಗೆ ಚಿರುತ ಬಂದು ನನ್ನ ಸೆರಗು ಹಿಡಿದಳು. "ನಮ್ಮಪ್ಪ ಕೊನೇ ಸಲ ಸ್ಕೂಲಿಗೆ ಹೋಗ್ತಾನಂತೆ. ನೀನೂ ಬಾ ಅಕ್ಕ."

ಶಾಲೆಯ ಜಗಲಿಯಲ್ಲಿ ಮೇಷ್ಟ್ರೂ ಪಟೇಲರೂ ಕೂತಿದ್ದರು. ಅವರ ಮುಂದೆಯೇ ಹಾಜರಿ ಪುಸ್ತಕವಿತ್ತು. ಕೋರಪ್ಪ ಕೈ ಮುಗಿದು ನಿಂತ. ಮೇಷ್ಟ್ರು ಈ ಸಲ ರಾಹುಕಾಲ ಎನ್ನಲಿಲ್ಲ. ನಿಜವನ್ನೇ ಹೇಳಿದರು, ನನ್ನ ಕಡೆ ನೋಡಿ ಹೇಳಿದರು.

"ಹೇಗಮ್ಮ ಬರ್ಕೊಳ್ಳಲಿ? ಇನ್‌ಸ್ಪೆಕ್ಟರು ಈ ಮುಖಾನ ಸುನಂದ ಅಂತ ನೋಡಿ ಹೋಗಿದ್ದಾರೆ. ಹೋಗಲಿ ಅಂದ್ರೆ ಪುಸ್ತಕದಲ್ಲೂ ಬರೆದು ಹೋಗಿದ್ದಾರೆ. ಬಂದಾಗ ಇದೇನು ಚಿರುತ ಅಂತ ಹೊಸ ಹೆಸರು, ಮಲೆಯಾಳದ ಹೆಸರು, ಎಲ್ಲಿ ಆ ಹುಡುಗಿ ಅಂದ್ರೆ? ಒಂದು ಎಳೆ ಎಳೆದ್ರೆ ಎಂಟೂ ಬಿಚ್ಚಿಕೊಳ್ಳುತ್ವೆ. ಸುಮ್ಮನೆ ಹಾಜರ್ ಅಂದು ಕೂತಿದ್ರೆ, ಇಲ್ಲಾ ತಪ್ಪು ಓದಿದ್ರೆ, ಅವರಿಗೆ ನೆನಪೇ ಇರ್ತಿರಲಿಲ್ಲ. ಮಾರನೇ ದಿನವೇ ಬರ್ಕೊಂಡಿರ್ತಿದ್ದೆ."

"ನಾನು ತಪ್ಪು ಓದ್ಬೇಕಾಗಿತ್ತಾ ಸಾರ್?" ಎಂದು ಚಿರುತ ಕೇಳಿದಳು.

ಮೇಷ್ಟ್ರು ಪುಸ್ತಕದ ದಾರ ಕಟ್ಟಿದರು, ಬಿಚ್ಚಿದರು. ಅವರು ಕೆಟ್ಟವರಲ್ಲ. ಅವರಿಗೇ ಒಂದು ಉಪಾಯ ಹೊಳೆಯಿತು.

"ಪಟೇಲ್ರೇ, ಒಂದು ಕೆಲಸ ಮಾಡಬಹುದು. ಸುನಂದ ಅಂತಲೇ ಒಂದು ಸರ್ಟಿಫಿಕೇಟು ಬರೆದುಕೊಡ್ತೀನಿ. ಆ ಕಡೆ ಯಾರು ಕೇಳ್ತಾರೆ? ಈ ಮಗು ಆ ಹೆಸರಲ್ಲೇ ಓದಿಕೊಳ್ಳುತ್ತೆ."

"ಏನಂದ್ರಿ?" ಪಟೇಲರು ಕೊಡೆ ಕುಟ್ಟಿದರು. "ನನ್ನ ಮಗಳ ಎಸ್ರು ಗರಗಸದವರ ಜೊತೆ ಊರೂರು ತಿರುಗೋದಾ? ನಾಳೆ ಗಂಡು ಬಂದಾಗ ಏನಂತ ಯೇಳ್ಲಿ? ಎಸ್ರು ಅಂದ್ರೆ ಏನು ಆಟದ ಸಾಮಾನಾ?" ಆಮೇಲೆ ದನಿ ಇಳಿಸಿ, "ಅದಿರ್ಲಿ ಬುಡಿ. ಸಣ್ಣಿ, ನಿಂಗೊಂದು ಮಾತು ಯೇಳ್ಬೇಕು ಅಂತಿದ್ದೆ. ನಮ್ಮ ಸುನಂದ ಮೊನ್ನೆ ಬಂತು. ದಸರೆಗೆ ಆವಯ್ಯ ಬತ್ತಾನೆ. ಮುಖ ಬ್ಯಾರೆ ಅಂದ್ರೆ ಅಮ್ಮ ಎದ್ದಿತ್ತು ಅಂದ್ರಾಯ್ತು. ನಾಳೆಯಿಂದ ಅವಳಿಗೂ ಪಾಠ ಯೇಳು. ಈ ಮಗ ಮಾತಾಡ್ತದಲ್ಲ, ಥೇಟು ಅಂಗೇ ಬರಬೇಕು. ಒಂಚೂರೂ ಯತ್ವಾಸ ಇರಬಾರ್ದು," ಎಂದರು.

ಕೋರಪ್ಪ ಎಲ್ಲರ ಬಾಯಿಯನ್ನೂ ನೋಡುತ್ತಿದ್ದ. ಬಗ್ಗಿ ಮಗಳನ್ನು ಏನೋ ಕೇಳಿದ.

"ಯೇಳಮ್ಮಿ ನಿಮ್ಮಪ್ಪಂಗೆ," ಎಂದರು ಪಟೇಲರು. "ಬ್ಯಾಸರ ಮಾಡ್ಕೊಬ್ಯಾಡ ಅನ್ನು. ಮುಂದಿನೂರಲ್ಲಿ ಒಳ್ಳೇದಾಯ್ತದೆ ಅನ್ನು."

ಚಿರುತ ಅಪ್ಪನ ಮುಖ ನೋಡಿದಳು. ಯಾವ ಭಾಷೆಯಲ್ಲೂ ಏನೂ ಹೇಳಲಿಲ್ಲ. ಅವನು ಇನ್ನೊಮ್ಮೆ ಕೇಳಿದ. ಅವಳು ಕಾಲ ಹೆಬ್ಬೆರಳಿನಿಂದ ಮಣ್ಣು ಕೆರೆಯುತ್ತಾ ನಿಂತಳು.

ರಸ್ತೆಯಲ್ಲಿ ಅವರ ಗಾಡಿಯ ಎತ್ತು ಕೊರಳು ಅಲ್ಲಾಡಿಸಿತು. ಮಾವ ಹೊತ್ತಾಯಿತೆಂದು ಕೂಗಿದ.

"ಮೇಷ್ಟ್ರೇ," ಎಂದೆ ನಾನು.

ಅದು ನನ್ನ ದನಿಯೆಂದು ನನಗೇ ಗೊತ್ತಾಗಲಿಲ್ಲ. ಪಟೇಲರು ತಿರುಗಿ, ಇನ್ಯಾರು ಬಂದರೆಂದು ನನ್ನ ಹಿಂದೆ ನೋಡಿದರು. ನೀರಿಗೆ ಹೋಗುತ್ತಿದ್ದ ಇಬ್ಬರು ಹೆಂಗಸರು ಕೊಡ ಸೊಂಟದಲ್ಲಿಟ್ಟುಕೊಂಡು ನಿಂತುಬಿಟ್ಟರು.

"ಅವಳ ಹೆಸರು ಬರ್ಕೊಳ್ಳಿ," ಎಂದೆ.

ಮೇಷ್ಟ್ರು ಪುಸ್ತಕದ ಮೇಲೆ ಅಂಗೈ ಇಟ್ಟುಕೊಂಡು ತೊಲೆಯ ಕಡೆ ನೋಡಿದರು. ಪಟೇಲರು ಕೊಡೆಯ ಹಿಡಿಯನ್ನು ಪಂಚೆಯಿಂದ ಒರೆಸತೊಡಗಿದರು. ಹೆಂಗಸರಲ್ಲಿ ಒಬ್ಬಳು ಇನ್ನೊಬ್ಬಳ ಮೊಣಕೈ ತಿವಿದಳು. ಕೋರಪ್ಪ ಮುಗಿದ ಕೈ ಇಳಿಸಿರಲಿಲ್ಲ.

ನಾನು ಇನ್ನೊಂದು ಹೆಜ್ಜೆ ಮುಂದೆ ಬಂದು ಹೇಳಿದೆ, "ಹೆಸರು ಚಿರುತ. ತಂದೆ ಕೋರನ್. ವಯಸ್ಸು ಒಂಬತ್ತು. ಬರ್ಕೊಳ್ಳಿ ಮೇಷ್ಟ್ರೇ."